ಕುಶಿದಾ ಅಂಗಡಿಯ ನಾಲ್ಕು ಮೊಹರು

ಬಾಗಿಲ ಪರದೆಯನ್ನು ಬಿದಿರಿನ ಕೋಲಿಗೆ ಪೋಣಿಸಿ, ಕೋಲನ್ನು ಕೊಕ್ಕೆಗೆ ಸಿಕ್ಕಿಸಲು ಕುಶಿದಾ ಹಿಸಾನೊ ತುದಿಗಾಲಿನಲ್ಲಿ ನಿಂತಿದ್ದಳು. ಹಿಂದಿನಿಂದ ಯಾರೋ ಕೆಮ್ಮಿದರು.

ಕಪ್ಪು ಕೋಟಿನ ಇಬ್ಬರು. ಇಬ್ಬರೂ ಸೊಂಟದವರೆಗೆ ಬಾಗಿ ವಂದಿಸಿದರು. ಹಿರಿಯವನು ಬಹಳ ಮೆದುವಾಗಿ ಹೇಳಿದ:

"ಅಮ್ಮ, ತಪ್ಪು ತಿಳೀಬೇಡಿ. ಆ ಪರದೆ ಇನ್ಮೇಲೆ ನೀವು ಕಟ್ಟೋ ಹಾಗಿಲ್ಲ."

"ಯಾಕೆ, ತೂತು ಬಿದ್ದಿದೆಯಾ?"

"ಅದರ ಮೇಲಿರೋ ಹೆಸರು ನಮ್ಮ ಕಂಪನಿದು."

ಹಿಸಾನೊ ಪರದೆಯನ್ನು ನೋಡಿದಳು. ನೀಲಿ ಬಟ್ಟೆ, ಬಿಳಿಯಲ್ಲಿ 'ಕುಶಿದಾ' ಎಂಬ ಅಕ್ಷರಗಳು, ಪಕ್ಕದಲ್ಲಿ ಎಲೆ ಸಮೇತ ಒಂದು ಗೆಡ್ಡೆಯ ಚಿತ್ರ. ಗಂಡನ ಅಜ್ಜ ಬರೆದದ್ದು. ಜಪಾನಿನ ಹಿದಾ ಬೆಟ್ಟಗಳ ಆ ಪಟ್ಟಣದಲ್ಲಿ ಕೆಂಪು ಗೆಡ್ಡೆಯ ಉಪ್ಪಿನಕಾಯಿ ಎಂದರೆ ಆ ಚಿತ್ರ, ಆ ಚಿತ್ರ ಎಂದರೆ ಆ ಅಂಗಡಿ. ಅವಳಿಗೆ ನಗು ಬಂತು. ಆದರೆ ಎದುರಿನ ಇಬ್ಬರೂ ನಗಲಿಲ್ಲ.

ಕಿರಿಯವನು ಚೀಲದಿಂದ ಕಾಗದಗಳನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅಸಲಿನ ನಕಲು. ಅಂಗಡಿಯ ಹೆಸರು, ಗೆಡ್ಡೆಯ ಚಿತ್ರ, ಆ ಹೆಸರಿನಲ್ಲಿ ಮಾರುವ ಹಕ್ಕು — ಎಲ್ಲವನ್ನೂ ನಗೋಯಾದ ಕಂಪನಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಒಪ್ಪಂದ. ಅದಕ್ಕೆ ಪ್ರತಿಯಾಗಿ ಕಂಪನಿಯು ಅವಳ ಸರಕನ್ನು ವರ್ಷ ವರ್ಷವೂ ಕೊಳ್ಳುತ್ತದೆ. ನಾಲ್ಕು ಹಾಳೆ. ಪ್ರತಿ ಹಾಳೆಯ ಕೆಳಗೆ ಎಡಕ್ಕೆ ಕಂಪನಿಯ ಅಧ್ಯಕ್ಷರ ಹೆಸರು, ಬಲಕ್ಕೆ ಅವಳ ಹೆಸರು. ಎರಡೂ ಯಂತ್ರದ ಅಕ್ಷರ. ಅವಳ ಹೆಸರಿನ ಪಕ್ಕದಲ್ಲಿ, ಸಹಿಯ ಬದಲಿಗೆ, ದುಂಡನೆಯ ಕೆಂಪು ಮೊಹರು.

ಅವಳದೇ ಮೊಹರು. ಗಂಡನ ಮನೆತನದ್ದು, ಪುರಸಭೆಯಲ್ಲಿ ನೋಂದಾಯಿಸಿದ್ದು. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇರುವುದು ಕೂಡ ಅದೇ.

"ನಾನು ಇದನ್ನ ಒತ್ತಿಲ್ಲ," ಎಂದಳು ಹಿಸಾನೊ.

"ಮೊಹರು ನಿಮ್ಮದೇ ತಾನೆ?"

"ಹೌದು. ಆದರೆ ನಾನು ಒತ್ತಿಲ್ಲ."

ಇಬ್ಬರೂ ಮತ್ತೆ ಬಾಗಿದರು. ಈ ತಿಂಗಳ ಕೊನೆಯವರೆಗೆ ಸಮಯವಿದೆ ಎಂದರು. ಹೊರಡುವಾಗ ಹಿರಿಯವನು ಪರದೆಯ ಕಡೆಗೂ ಒಮ್ಮೆ ತಲೆಬಾಗಿಸಿದ ಎಂದು ಆ ಬೀದಿಯವರು ಈಗಲೂ ಹೇಳುತ್ತಾರೆ.

ಹಿಸಾನೊ ಕಾಗದಗಳನ್ನು ಬಹಳ ಹೊತ್ತು ನೋಡಿದಳು. ಮೊಹರು ತನ್ನದು, ಆದರೂ ತನ್ನದಲ್ಲ ಅನ್ನಿಸುತ್ತಿತ್ತು. ತನ್ನ ಅಂಗಿಯನ್ನು ಬೇರೆ ಯಾರೋ ತೊಟ್ಟುಕೊಂಡು ಹೋಗುವುದನ್ನು ಹಿಂದಿನಿಂದ ನೋಡಿದ ಹಾಗೆ. ಏಕೆ ಹಾಗನ್ನಿಸುತ್ತದೆಂದು ಅವಳಿಗೆ ಹೇಳಲು ಬರಲಿಲ್ಲ.

ಒಪ್ಪಂದದ ತಾರೀಖು ಜನವರಿಯದು. ಜನವರಿಯಲ್ಲಿ ಅವಳು ಮಂಜುಗಡ್ಡೆಯ ಮೇಲೆ ಜಾರಿ, ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು.

*

ಹೊರಿಬೆ ಅವರು ಮಧ್ಯಾಹ್ನವೇ ಬಂದರು. ಊರಿನ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಹಿಸಾನೊಳ ಗಂಡನ ಬಾಲ್ಯದ ಗೆಳೆಯ. ಗಂಡ ತೀರಿಕೊಂಡ ಮೇಲೆ ಪ್ರತಿ ತಿಂಗಳೂ ಅವನು ಸತ್ತ ತಾರೀಖಿಗೆ ಬಂದು, ಹಿರಿಯರ ಗೂಡಿನ ಮುಂದೆ ಊದುಬತ್ತಿ ಹಚ್ಚಿ, ಚಹಾ ಕುಡಿದು ಹೋಗುವರು. ತೆರಿಗೆ, ವಿಮೆ, ಬ್ಯಾಂಕು — ಅಂಗಡಿಯ ಕಾಗದದ ಕೆಲಸವನ್ನೆಲ್ಲ ಒಂದು ಕಾಸೂ ತೆಗೆದುಕೊಳ್ಳದೆ ಮಾಡಿಕೊಡುತ್ತಿದ್ದವರು ಅವರೇ. ಈ ವಸಂತದಲ್ಲಿ ನಗೋಯಾದ ಕಂಪನಿಯಿಂದ ಉಪ್ಪಿನಕಾಯಿಗೆ ದೊಡ್ಡ ಬೇಡಿಕೆ ತಂದುಕೊಟ್ಟವರೂ ಅವರೇ.

ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಓದಿದರು. ಮುಖ ಬಿಳುಪೇರಿತು.

"ಹಿಸಾನೊ-ಸಾನ್, ಮೊಹರು ಎಲ್ಲಿಡ್ತೀರಿ?"

"ಗೂಡಿನ ಕೆಳಗಿನ ಖಾನೆ. ನಿಮಗೇ ಗೊತ್ತಲ್ಲ."

"ನನಗೆ ಗೊತ್ತು. ಇನ್ಯಾರಿಗೆ ಗೊತ್ತು?"

ಉತ್ತರ ಇಬ್ಬರಿಗೂ ತಿಳಿದಿತ್ತು. ದಿನವೂ ಬೆಳಿಗ್ಗೆ ಗೂಡಿಗೆ ಅನ್ನವಿಡುವವನು ಉಪ್ಪಿನಕಾಯಿಯ ಪೀಪಾಯಿ ಕೆಲಸದ ಮುದುಕ ಗೆಂಪೇ. ಅವಳು ಆಸ್ಪತ್ರೆಯಲ್ಲಿದ್ದಾಗ ಮನೆಯ ಬೀಗದ ಕೈ ಇದ್ದದ್ದು ಮೈದುನನ ಮಗ ಕಜುಮಾನ ಬಳಿ. ಕಜುಮಾ ಸರಕಿನ ವ್ಯಾನು ಓಡಿಸುವವನು. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ತುಂಬಿ ಟೋಕಿಯೊಗೆ ಕಳಿಸೋಣ ಎಂದು ಅವಳೊಡನೆ ಎರಡು ಚಳಿಗಾಲ ಜಗಳವಾಡಿದವನು.

"ಹುಡುಗರು," ಎಂದರು ಹೊರಿಬೆ ನಿಧಾನವಾಗಿ. "ಕೆಟ್ಟದ್ದು ಮಾಡ್ಬೇಕು ಅಂತ ಮಾಡಿರಲ್ಲ."

"ವಕೀಲರನ್ನ ನೋಡ್ಲಾ?"

ಅವರು ಕನ್ನಡಕ ತೆಗೆದರು. "ನೋಡಿ, ವಕೀಲರು ಬಂದ್ರು ಅಂದ್ರೆ ಮೊದಲು ಪೊಲೀಸು. ಆಮೇಲೆ ಕಜುಮಾ. ಆಮೇಲೆ ಊರಿನ ಬಾಯಿ. ನಿಮ್ಮ ಯಜಮಾನರು ಇದ್ದಿದ್ರೆ ಒಪ್ತಿದ್ರಾ? ನಾನು ಕಂಪನಿಯವರ ಹತ್ರ ಮಾತಾಡ್ತೀನಿ. ಅವರದೇ ಒಬ್ಬ ವಕೀಲ ಇದಾನೆ, ಒಳ್ಳೆಯವನು. ನಿಮ್ಮ ಕಡೆದನ್ನೂ ಅವನೇ ನೋಡ್ಕೋತಾನೆ. ನಿಮಗೆ ಖರ್ಚಿಲ್ಲ. ಪರದೆ ಹೋದ್ರೂ ಪೀಪಾಯಿ ಉಳಿಯುತ್ತೆ."

ಪರದೆ ಹೋದರೂ ಎಂಬ ಮಾತು ಹಿಸಾನೊಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಆದರೂ ಅವಳು ಬಾಗಿಲವರೆಗೆ ಬಂದು, ಅವರಿಗೆ ಬಾಗಿ ವಂದಿಸಿ ಕಳಿಸಿದಳು.

*

ಸಂಜೆ ವ್ಯಾನು ನಿಲ್ಲಿಸಿ ಒಳಬಂದ ಕಜುಮಾನ ಮುಂದೆ ಅವಳು ಮಾತಿಲ್ಲದೆ ಕಾಗದಗಳನ್ನು ಹರಡಿದಳು.

ಅವನು ಓದಿದ. ಮತ್ತೆ ಓದಿದ. ತಲೆ ಎತ್ತಿದಾಗ ಅವನ ದೃಷ್ಟಿ ಕಾಗದದ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು.

"ದೊಡ್ಡಮ್ಮ, ನಾನು ಅಂತ ಅಂದ್ಕೊಂಡಿದೀರಾ?"

"ನಾನು ಏನೂ ಅಂದಿಲ್ಲ."

"ಅಂದಿಲ್ಲ. ಚಹಾನೂ ಕೊಟ್ಟಿಲ್ಲ."

ಹಿಸಾನೊ ಕೆಟಲಿನ ಕಡೆ ನೋಡಿದಳು. ನಿಜ. ಅವನು ಬಂದ ಕೂಡಲೇ ಚಹಾ ಬಗ್ಗಿಸುವುದು ಅವನು ಎಳೆಯವನಾಗಿದ್ದಾಗಿನಿಂದ ತಪ್ಪದ ಕೆಲಸ.

"ಪ್ಲಾಸ್ಟಿಕ್ಕಿಗೆ ಜಗಳ ಆಡ್ದೆ, ನಿಜ," ಎಂದ ಕಜುಮಾ. "ಮುಖಕ್ಕೆ ಮುಖ ಕೊಟ್ಟು ಆಡ್ದೆ. ಬೆನ್ನ ಹಿಂದೆ ಆಡೋ ಹಾಗಿದ್ರೆ ಅಷ್ಟು ಗಂಟಲು ಯಾಕೆ ಹರ್ಕೋತಿದ್ದೆ? ವಕೀಲರ ಹತ್ರ ಹೋಗಿ. ನನ್ನನ್ನೂ ಕರ್ಕೊಂಡು ಹೋಗಿ. ನಾನೇ ಕಳ್ಳ ಅಂತಾದ್ರೆ ಅವರೇ ಹೇಳ್ಲಿ. ನೀವು ಹೀಗೆ ಸುಮ್ಮನೆ ಕೂತಿರೋದನ್ನ ನೋಡಕ್ಕಾಗಲ್ಲ."

ಹೊರಿಬೆ ಅವರು ವಕೀಲರು ಬೇಡ ಎಂದಿದ್ದು ಕಜುಮಾನನ್ನು ಉಳಿಸಲು. ಆ ಕಜುಮಾನೇ ವಕೀಲರು ಬೇಕು ಎನ್ನುತ್ತಿದ್ದಾನೆ. ಈ ಎರಡು ಮಾತನ್ನೂ ಹಿಸಾನೊ ಆ ರಾತ್ರಿಯೆಲ್ಲ ತೂಗಿದಳು. ಅವು ಒಂದರ ಪಕ್ಕ ಒಂದು ಕೂರಲಿಲ್ಲ.

*

ನಿಶಿವಾಕಿ ಎಂಬ ವಕೀಲೆಯ ಕಚೇರಿ ನಿಲ್ದಾಣದ ಬಳಿ, ಸೈಕಲ್ ಅಂಗಡಿಯ ಮಹಡಿಯಲ್ಲಿತ್ತು. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು. ನಲವತ್ತು ದಾಟಿದ ಹೆಂಗಸು. ಮೇಜಿನ ಕೆಳಗೆ ಬಿಸಿಗಾಳಿಯ ಪೆಟ್ಟಿಗೆಗೆ ಕಾಲು ಚಾಚಿ ಕುಳಿತಿದ್ದರು. ಹಿಸಾನೊ ಕೈಯಲ್ಲಿದ್ದ ಪೊಟ್ಟಣವನ್ನು ಮುಂದಿಟ್ಟಳು.

"ನಮ್ಮ ಮನೆ ಉಪ್ಪಿನಕಾಯಿ, ಸೆನ್ಸೆಯ್. ದೊಡ್ಡದೇನಲ್ಲ."

"ಇದು ಉಡುಗೊರೆಯೋ, ಫೀಸೋ?"

ಹಿಸಾನೊ ತಡವರಿಸಿದಳು. ಹಿಂದೆ ನಿಂತಿದ್ದ ಕಜುಮಾನ ಮೂಗಿನಿಂದ ನಗು ಜಾರಿತು.

"ಉಡುಗೊರೆ ಆದ್ರೆ ಸಂತೋಷ," ಎಂದರು ನಿಶಿವಾಕಿ. "ಕೂತ್ಕೊಳ್ಳಿ. ಕತೆ ಆಮೇಲೆ. ಮೊದಲು ಎದುರಿನವರ ಹೆಸರು ಹೇಳಿ."

"ಯಾಕೆ?"

"ನಾನು ಯಾವತ್ತಾದ್ರೂ ಅವರ ಕೆಲಸ ಮಾಡಿದ್ರೆ, ನಿಮ್ಮ ಕತೆ ನನ್ನ ಕಿವಿಗೆ ಬೀಳಬಾರದು. ಯಾವ ವಕೀಲರ ಹತ್ರ ಹೋದ್ರೂ ನೀವೇ ಇದನ್ನ ಕೇಳಬೇಕು — ನಮ್ಮ ಎದುರಿನವರಿಗೂ ನಿಮಗೂ ಏನಾದ್ರೂ ಸಂಬಂಧ ಇದೆಯಾ ಅಂತ."

ಕಂಪನಿಯ ಹೆಸರು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಸಂಬಂಧವಿಲ್ಲ. ಹಿಸಾನೊ ಧೈರ್ಯ ಮಾಡಿ ಕೇಳಿದಳು:

"ಅವರದೇ ವಕೀಲರು ಎರಡೂ ಕಡೆದನ್ನ ನೋಡ್ಕೋತಾರಂತೆ. ಖರ್ಚಿಲ್ಲ ಅಂದ್ರು."

"ಯಾರು ಅಂದ್ರು?"

"ನಮ್ಮ ಹೊರಿಬೆ-ಸಾನ್. ಯಜಮಾನರ ಸ್ನೇಹಿತರು."

ನಿಶಿವಾಕಿ ಆ ಹೆಸರನ್ನು ಬರೆದುಕೊಂಡರು. "ಅವರ ಅನ್ನ ತಿಂದ ವಕೀಲ ನಿಮ್ಮ ಮನೆಗೆ ಬಂದು ನಿಮ್ಮ ಪರ ಮಾತಾಡಲ್ಲ, ಕುಶಿದಾ-ಸಾನ್. ಎಷ್ಟೇ ಒಳ್ಳೆಯವನಾಗಿದ್ರೂ. ಈಗ ಹೇಳಿ. ನಾಚಿಕೆ ಆಗೋದನ್ನೂ ಹೇಳಿ. ಅದನ್ನ ಮೊದಲು ನಾನು ಕೇಳ್ಬೇಕು, ಎದುರಿನವರ ಬಾಯಿಂದಲ್ಲ."

ಹಿಸಾನೊ ಹೇಳಿದಳು. ಮೂಳೆ ಮುರಿದದ್ದು, ಗೂಡಿನ ಖಾನೆ, ಗೆಂಪೇ, ಕಜುಮಾನ ಮುಂದೆಯೇ ಕಜುಮಾನ ಜಗಳ. ಎಲ್ಲ ಮುಗಿದ ಮೇಲೆ ವಕೀಲೆ ಕೇಳಿದರು:

"ಮೊಹರನ್ನ ನೀವೇ ಯಾರ ಕೈಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಒಂದು ದಿನಕ್ಕೂ?"

ಹಿಸಾನೊ ಕೈಗಳನ್ನು ನೋಡಿಕೊಂಡಳು. ವರ್ಷಗಟ್ಟಲೆ ಉಪ್ಪಿನಲ್ಲಿ ಬೆಂದ ಬೆರಳುಗಳು. "ಜನವರಿಲಿ ಬ್ಯಾಂಕಿನ ಕಾಗದ ನವೀಕರಿಸ್ಬೇಕಿತ್ತು. ನಾನು ಆಸ್ಪತ್ರೇಲಿದ್ದೆ, ಊದುಬತ್ತಿ ಹಚ್ಚೋಕೆ ಹೋದಾಗ ಖಾನೆಯಿಂದ ತಗೊಳ್ಳಿ ಅಂದೆ. ಹೊರಿಬೆ-ಸಾನ್ ತಗೊಂಡು ಹೋಗಿ, ಕೆಲಸ ಮುಗಿಸಿ, ಒರೆಸಿ ತಂದಿಟ್ರು. ಅದು ಕೊಟ್ಟ ಹಾಗಲ್ಲ. ಅವರು ನಮ್ಮವರು."

"ದೊಡ್ಡಮ್ಮ," ಎಂದ ಕಜುಮಾ ಕೂತಲ್ಲಿಂದಲೇ, "ಇದನ್ನ ನನಗೂ ಹೇಳಿಲ್ಲ."

"ಹೇಳೋದೇನಿದೆ? ಊದುಬತ್ತಿ ಹಚ್ಚೋ ಕೈ ಅದು."

ನಿಶಿವಾಕಿ ತಮ್ಮ ಮೇಜಿನ ಖಾನೆಯಿಂದ ಎರಡು ಹಾಳೆ ತೆಗೆದರು. ತಮ್ಮನ್ನು ನೇಮಿಸಿಕೊಳ್ಳುವ ಕರಾರು: ಯಾವ ಕೆಲಸ ಮಾಡುತ್ತಾರೆ, ಯಾವುದು ಇದರಲ್ಲಿ ಸೇರಿಲ್ಲ, ಫೀಸನ್ನು ಹೇಗೆ ಎಣಿಸುತ್ತಾರೆ, ಯಾವಾಗ ಬೇಕಾದರೂ ಬಿಡಿಸಬಹುದು ಎಂದು.

"ಓದಿ. ಅರ್ಥ ಆಗದೇ ಇದ್ದದ್ದು ಕೇಳಿ. ದುಡ್ಡಿನ ಮಾತು ಮೊದಲೇ ಕೇಳೋದು ಅಸಭ್ಯ ಅಂತ ಈ ಊರವರು ಅಂದ್ಕೋತಾರೆ. ಆಮೇಲೆ ಬಿಲ್ಲು ನೋಡಿ ನನ್ನನ್ನ ಬೈತಾರೆ."

"ಸೆನ್ಸೆಯ್, ನೀವು ಗೆಲ್ತೀರಾ?"

"ಮೊದಲ ದಿನವೇ ಗೆಲ್ತೀನಿ ಅನ್ನೋ ವಕೀಲರನ್ನ ಕಂಡ್ರೆ ಚೀಲ ಹಿಡ್ಕೊಂಡು ಎದ್ದುಬನ್ನಿ. ನಮ್ಮ ಕಾಯಿದೆಲಿ ಮೊಹರು ನಿಮ್ಮದು ಅಂದ್ರೆ ಒತ್ತಿದ್ದೂ ನೀವೇ ಅಂತ ನ್ಯಾಯಾಧೀಶರು ಹಿಡೀತಾರೆ. ಅಲ್ಲ ಅಂತ ತೋರಿಸೋ ಭಾರ ನಮ್ಮ ತಲೆ ಮೇಲೆ."

ಹಿಸಾನೊ ಓದಿದಳು. ಎರಡು ಕಡೆ ಬೆರಳಿಟ್ಟು ಕೇಳಿದಳು. ಆಮೇಲೆ ಎದೆಯ ಬಳಿಯಿಂದ ಬಟ್ಟೆಯ ಚೀಲ ತೆಗೆದು ಮೊಹರನ್ನು ಕೈಗೆ ತೆಗೆದುಕೊಂಡಳು. ಅದನ್ನು ಬೆರಳುಗಳ ನಡುವೆ ತಿರುಗಿಸಿ, ತಳವನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಉಸಿರು ನಿಂತು, ಒತ್ತಿದಳು.

ವಕೀಲೆ ಆ ಕೆಂಪು ಗುರುತಿನ ಮೇಲೆ ಬಗ್ಗಿದರು. ಹಾಗೇ ಇದ್ದುಬಿಟ್ಟರು.

"ಯಾವಾಗಲೂ ಹೀಗೇ ಒತ್ತೋದಾ?"

"ಹೇಗೆ?"

"ಇಷ್ಟು ನೆಟ್ಟಗೆ."

"ಹೂಂ. ಈ ಮೊಹರಿಗೆ ಮೇಲು ಯಾವುದು ಕೆಳಗು ಯಾವುದು ಅಂತ ಗುರುತಿಲ್ಲ. ಬೇಕು ಅಂತಲೇ ಬಿಟ್ಟಿದಾರೆ, ಒತ್ತೋ ಮುಂಚೆ ತಿರುಗಿಸಿ ನೋಡ್ಬೇಕಲ್ಲ, ಆಗ ಒಂದ್ಸಲ ಯೋಚನೆ ಮಾಡ್ಲಿ ಅಂತ. ಯಜಮಾನರು ಹೇಳೋರು — ಪರದೆ ಮೇಲೆ ಹೆಸರು ಹೇಗೆ ನಿಂತಿದೆಯೋ ಕಾಗದದ ಮೇಲೂ ಹಾಗೇ ನಿಲ್ಬೇಕು ಅಂತ."

ನಿಶಿವಾಕಿ ಕಂಪನಿಯ ನಾಲ್ಕು ಹಾಳೆಗಳನ್ನು ತಮ್ಮ ಕರಾರಿನ ಪಕ್ಕಕ್ಕೆ ಎಳೆದುಕೊಂಡರು. ಕೆಳಗೆ ಗಾಳಿ ಹೊಡೆಯುವ ಸದ್ದು ನಿಂತಿತು.

"ನಾಳಿದ್ದು ನಿಮ್ಮ ಅಂಗಡಿಗೆ ಬರ್ತೀನಿ. ಎಲ್ಲರೂ ಇರ್ಲಿ. ಹೊರಿಬೆ-ಸಾನ್ ಕೂಡ. ಅವರಿಗೆ ನಾನೇ ಫೋನ್ ಮಾಡ್ತೀನಿ."

*

ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಲು ಪೀಪಾಯಿಗಳು. ಪ್ರತಿಯೊಂದರ ಮುಚ್ಚಳದ ಮೇಲೆ ನದಿಯ ಕಲ್ಲುಗಳು. ಹುಳಿಯ ವಾಸನೆ ಗೋಡೆಗೇ ಹಿಡಿದಿತ್ತು. ನಿಶಿವಾಕಿ ಒಂದು ತಗ್ಗು ಮೇಜಿನ ಮುಂದೆ ಕುಳಿತು ಒಬ್ಬೊಬ್ಬರನ್ನೇ ಕೇಳಿದರು. ಹೇಳಿದ್ದನ್ನು ಬರೆದು, ಕೊನೆಯಲ್ಲಿ ಓದಿ ಹೇಳಿ, ಅವರವರ ಮೊಹರು ಒತ್ತಿಸಿಕೊಂಡರು.

ಮೊದಲು ಗೆಂಪೇ.

"ಅನ್ನ ಇಡುವಾಗ ಖಾನೆ ತೆಗೀತಿದ್ರಾ?"

"ಅನ್ನ ಇಡೋದು ಮೇಲೆ, ಖಾನೆ ಇರೋದು ಕೆಳಗೆ. ಬಗ್ಗೋಕೆ ನನ್ನ ಸೊಂಟ ಒಪ್ಪಲ್ಲ."

"ಕಂಪನಿಯವರನ್ನ ಕಂಡಿದ್ರಾ?"

"ಕಂಡಿದೀನಿ. ಹೋದ ಚಳಿಗಾಲಕ್ಕೆ ಮುಂಚೆ ಬಂದಿದ್ರು. ಹೆಸರು ಮಾರ್ತೀರಾ ಅಂದ್ರು. ಯಜಮಾನಿ ಮಾರಲ್ಲ ಅಂದ್ರು. ಚಹಾ ಕುಡಿದು ಹೋದ್ರು. ಉಪ್ಪಿನಕಾಯಿ ಮಾತ್ರ ಮೂರು ಸಲ ಕೇಳಿ ಹಾಕಿಸ್ಕೊಂಡ್ರು."

ಅವನು ತನ್ನ ಮೊಹರನ್ನು ಎರಡೂ ಕೈಯಿಂದ, ಪೀಪಾಯಿಯ ಮೇಲೆ ಕಲ್ಲು ಕೂರಿಸುವಂತೆ ಭಾರ ಬಿಟ್ಟು ಒತ್ತಿದ. ಮೇಜು ಕಿರುಗುಟ್ಟಿತು.

ಆಮೇಲೆ ಕಜುಮಾ.

"ಬೀಗದ ಕೈ ನಿಮ್ಮ ಹತ್ರ ಇತ್ತು?"

"ಇತ್ತು."

"ಖಾನೆ ತೆಗೆದಿರಾ?"

"ತೆಗೆದೆ. ಊದುಬತ್ತಿಗೆ. ಮೊಹರಿನ ಚೀಲ ಇರ್ಲಿಲ್ಲ. ದೊಡ್ಡಮ್ಮ ಆಸ್ಪತ್ರೆಗೆ ತಗೊಂಡು ಹೋಗಿದಾರೆ ಅಂದ್ಕೊಂಡೆ."

"ಯಾವುದಾದ್ರೂ ಕಚೇರಿಲಿ ಕೆಲಸ ಮಾಡಿದೀರಾ?"

"ನನ್ನನ್ನ ನೋಡಿದ್ರೆ ಹಾಗನ್ಸುತ್ತಾ?"

ಅವನು ಒತ್ತಿದ ಮೊಹರು ತಲೆಕೆಳಗಾಗಿ ಬಂತು. ಅದೂ ಅರ್ಧ ಮಸಿ. "ಪಾರ್ಸೆಲ್ ಚೀಟಿಗಾದ್ರೆ ಇಷ್ಟು ಸಾಕು," ಎಂದು ಗೊಣಗಿದ.

ಕೊನೆಗೆ ಹೊರಿಬೆ ಅವರು. ಇಸ್ತ್ರಿ ಹಾಕಿದ ಕೋಟು, ನೇರ ಬೆನ್ನು.

"ಜನವರಿಯಲ್ಲಿ ಮೊಹರು ನಿಮ್ಮ ಬಳಿ ಇತ್ತೇ?"

"ಇತ್ತು. ಬ್ಯಾಂಕಿನ ಕಾಗದಕ್ಕೆ. ಅವರ ಪರವಾಗಿ ನಾನೇ ಒತ್ತಿದೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ."

"ನೀವೇ? ನಿಮ್ಮ ಕೈಯಾರೆ?"

"ನನ್ನ ಕೈಯಾರೆ. ಮೂವತ್ತೈದು ವರ್ಷ ಮಾಡಿದ ಕೆಲಸ ಅದು."

"ಕಂಪನಿಯ ಒಪ್ಪಂದಕ್ಕೆ?"

"ಇಲ್ಲ." ಅವರು ಕೋಟಿನ ಗುಂಡಿ ಸರಿಪಡಿಸಿಕೊಂಡರು. "ಹೇಳಲು ಸಂಕಟವಾಗುತ್ತದೆ. ಬೀಗದ ಕೈ ಯಾರ ಬಳಿ ಇತ್ತು ಎಂಬುದನ್ನು ಯೋಚಿಸಿ."

ಬಾಗಿಲ ಬಳಿ ನಿಂತಿದ್ದ ಕಜುಮಾ ಹೆಜ್ಜೆ ಮುಂದಿಟ್ಟ. ಹಿಸಾನೊ ಅವನ ತೋಳು ಹಿಡಿದಳು. ಹಿಡಿದದ್ದು ತಡೆಯಲೋ, ತಾನು ಬೀಳದಿರಲೋ, ಅವಳಿಗೂ ತಿಳಿಯಲಿಲ್ಲ.

ಹೊರಿಬೆ ಅವರು ಕೋಟಿನ ಒಳಜೇಬಿನಿಂದ ತಮ್ಮ ಮೊಹರಿನ ಡಬ್ಬಿ ತೆಗೆದರು. ಮಸಿಯನ್ನು ಹದವಾಗಿ ತಟ್ಟಿ, ಹೇಳಿಕೆಯ ಹಾಳೆಯ ಮೇಲೆ, ಎಡಕ್ಕೆ ಬರೆದಿದ್ದ ವಕೀಲೆಯ ಹೆಸರಿನ ಪಕ್ಕ, ತಮ್ಮ ಹೆಸರಿನ ಮುಂದೆ ಒತ್ತಿದರು. ಅಂಚು ಕೂಡ ಚದುರದ, ಅಚ್ಚುಕಟ್ಟಾದ ಗುರುತು.

ನಿಶಿವಾಕಿ ಅದನ್ನು ನೋಡಿ ನಿಟ್ಟುಸಿರಿಟ್ಟರು.

*

"ನನ್ನ ಅಪ್ಪನೂ ಬ್ಯಾಂಕಿನಲ್ಲಿದ್ದವರು," ಎಂದರು ಅವರು, ಹಾಳೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡುತ್ತ. "ಮನೆ ಬಾಗಿಲಿಗೆ ಬಂದ ಪಾರ್ಸೆಲ್ಲಿನ ಚೀಟಿಗೂ ಮೊಹರನ್ನ ಎಡಕ್ಕೆ ವಾಲಿಸಿ ಒತ್ತೋರು. ಅಮ್ಮ ನಗೋರು — ಪಾರ್ಸೆಲ್ ಹುಡುಗನಿಗೂ ನಮಸ್ಕಾರ ಮಾಡ್ತೀರಲ್ಲ ಅಂತ."

ಹೊರಿಬೆ ಅವರ ಕೈ ಡಬ್ಬಿಯ ಮೇಲೆ ನಿಂತಿತು.

"ಕುಶಿದಾ-ಸಾನ್, ಇದು ನಿಮಗೆ ಗೊತ್ತಿರಲ್ಲ. ಅಂಗಡಿಯವರಿಗೆ, ವ್ಯಾನು ಓಡಿಸೋರಿಗೆ ಗೊತ್ತಿರಬೇಕಾಗೂ ಇಲ್ಲ. ಬ್ಯಾಂಕು, ದೊಡ್ಡ ಕಚೇರಿಗಳ ಒಳಗೆ ಒಂದು ರೂಢಿ ಇದೆ. ಕಾಗದದಲ್ಲಿ ಮೇಲಧಿಕಾರಿಯ ಹೆಸರು ಎಡಕ್ಕಿರುತ್ತೆ. ಕೆಳಗಿನವನು ತನ್ನ ಮೊಹರನ್ನ ನೆಟ್ಟಗೆ ಒತ್ತೋ ಹಾಗಿಲ್ಲ. ಸ್ವಲ್ಪ ಎಡಕ್ಕೆ ವಾಲಿಸಿ ಒತ್ತಬೇಕು. ಮೊಹರು ಮೇಲಧಿಕಾರಿಗೆ ತಲೆಬಾಗಿದ ಹಾಗೆ ಕಾಣ್ಬೇಕು. ಹೊಸದಾಗಿ ಸೇರಿದೋರಿಗೆ ಬೈದು ಕಲಿಸ್ತಾರೆ. ಕಲಿತ ಮೇಲೆ ಕೈ ಮರೆಯಲ್ಲ."

ಅವರು ಕಂಪನಿಯ ನಾಲ್ಕು ಹಾಳೆಗಳನ್ನು ಒಂದರ ಕೆಳಗೊಂದು ಜೋಡಿಸಿದರು. ಎಡಕ್ಕೆ ಅಧ್ಯಕ್ಷರ ಹೆಸರು; ಬಲಕ್ಕೆ ಕುಶಿದಾ ಹಿಸಾನೊ. ಮೊಹರು ನಾಲ್ಕರಲ್ಲೂ ಎಡಕ್ಕೆ ವಾಲಿತ್ತು.

ಹಿಸಾನೊ ಬಗ್ಗಿ ನೋಡಿದಳು. ಕಪ್ಪು ಕೋಟಿನವರು ಬಂದ ಬೆಳಿಗ್ಗೆಯಿಂದ ತನ್ನನ್ನು ಕಾಡಿದ್ದು ಇದು. ತನ್ನ ಮನೆತನದ ಹೆಸರು ಯಾರಿಗೋ ಬಗ್ಗಿ ನಿಂತಿತ್ತು.

"ಆ ಮೊಹರಿಗೆ ಮೇಲು-ಕೆಳಗಿನ ಗುರುತೇ ಇಲ್ಲ," ಎಂದರು ಹೊರಿಬೆ. ದನಿ ಇನ್ನೂ ಸ್ಥಿರವಾಗಿತ್ತು. "ಯಾರು ಒತ್ತಿದರೂ ವಾಲಬಹುದು."

"ಒಂದು ಸಲ ವಾಲಬಹುದು. ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ, ಕಜುಮಾ-ಸಾನ್ ಕೈಲಿ ಸಿಕ್ಕಿದ್ರೆ ತಲೆಕೆಳಗೆ. ನಾಲ್ಕು ಸಲವೂ ಒಂದೇ ಕಡೆಗೆ, ಒಂದೇ ಅಳತೆಗೆ ವಾಲಿದ್ರೆ ಅದು ಕೈತಪ್ಪಲ್ಲ. ಮರ್ಯಾದೆ."

"ಕಂಪನಿಯವರೇ ಒತ್ತಿರಬಹುದಲ್ಲ? ಅವರಿಗೂ ಅದೇ ರೂಢಿ."

"ಅದನ್ನ ನಾನೂ ಯೋಚಿಸಿದೆ." ವಕೀಲೆ ಚೀಲದಿಂದ ಇನ್ನೊಂದು ಹಾಳೆ ತೆಗೆದರು. "ಇದು ಜನವರಿಯ ಬ್ಯಾಂಕಿನ ಕಾಗದ. ನಿನ್ನೆ ಕುಶಿದಾ-ಸಾನ್ ಹೆಸರಲ್ಲಿ ಕೇಳಿ ಪ್ರತಿ ತಗೊಂಡೆ. ಇದಕ್ಕೆ ನನ್ನ ಕೈಯಾರೆ ಒತ್ತಿದೆ ಅಂತ ನೀವು ಈಗ ಹೇಳಿದ್ರಿ. ಮೊಹರು ಹಾಕಿದ್ರಿ."

ಅವರು ಅದನ್ನು ನಾಲ್ಕರ ಕೆಳಗೆ ಐದನೆಯದಾಗಿ ಇಟ್ಟರು. ಎಡಕ್ಕೆ ಬ್ಯಾಂಕಿನ ಶಾಖಾಧಿಕಾರಿಯ ಹೆಸರು. ಬಲಕ್ಕೆ ಹಿಸಾನೊಳ ಮೊಹರು — ಅದೇ ವಾಲು. ಅದರ ಕೆಳಗೆ, ಈಗಷ್ಟೆ ಒಣಗುತ್ತಿದ್ದ ಹೇಳಿಕೆಯಲ್ಲಿ, ಹೊರಿಬೆ ಅವರ ಸ್ವಂತ ಮೊಹರು. ಅದೇ ವಾಲು.

"ಕಜುಮಾ-ಸಾನ್ ಅಲ್ಲ. ಗೆಂಪೇ-ಸಾನ್ ಅಲ್ಲ. ನೀವು, ಹೊರಿಬೆ-ಸಾನ್."

ಎಲ್ಲೋ ಒಂದು ಪೀಪಾಯಿಯ ಮುಚ್ಚಳ ಕಲ್ಲಿನ ಭಾರಕ್ಕೆ ಒಂದಿಷ್ಟು ಕೆಳಗಿಳಿದು, ಉಪ್ಪುನೀರು ಅಂಚಿಗೆ ಬಂತು.

ಹೊರಿಬೆ ಅವರು ಡಬ್ಬಿಯನ್ನು ಮುಚ್ಚಿದರು. ಅವರು ಮಾತಾಡಿದ್ದು ವಕೀಲೆಯೊಡನೆ ಅಲ್ಲ.

"ಹಿಸಾನೊ-ಸಾನ್, ಬ್ಯಾಂಕು ಬಿಟ್ಟ ಮೇಲೆ ನನ್ನ ಮನೆ ಫೋನು ಒಂದು ದಿನವೂ ರಿಂಗ್ ಆಗಲಿಲ್ಲ. ಕಂಪನಿಯವರು ಬಂದ್ರು. ಸಲಹೆಗಾರ ಅಂತ ಅಂದ್ರು. ನನ್ನ ಹೆಸರಿನ ಕಾರ್ಡು ಅಚ್ಚು ಹಾಕಿಸಿ ಕೊಟ್ರು. ಕುಶಿದಾ ಹೆಸರು ತಂದುಕೊಡಿ ಅಂದ್ರು. ನೀವು ಆಸ್ಪತ್ರೇಲಿ ಮಲಗಿದ್ರಿ. ಇನ್ನು ಏಳ್ತಾರೋ ಇಲ್ವೋ ಅಂದ್ಕೊಂಡೆ. ಎದ್ದ ಮೇಲೆ ಹೇಳೋಣ ಅಂದ್ಕೊಂಡೆ. ಎದ್ರಿ. ಹೇಳಕ್ಕಾಗ್ಲಿಲ್ಲ."

"ಪ್ರತಿ ತಿಂಗಳು ಬಂದ್ರಿ," ಎಂದಳು ಹಿಸಾನೊ.

"ಬಂದೆ."

"ಯಜಮಾನರ ಪಟದ ಮುಂದೆ ಕೂತ್ರಿ. ಚಹಾ ಕುಡಿದ್ರಿ. ಈ ಹುಡುಗನ ಕಡೆ ಬೆರಳು ತೋರಿಸಿದ್ರಿ."

ಅವರು ತಲೆ ತಗ್ಗಿಸಿದರು.

"ಕದಿಯುವಾಗಲೂ ಆ ಕಂಪನಿಯವರಿಗೆ ನಮಸ್ಕಾರ ಮಾಡಿಸಿದ್ರಲ್ಲ, ಹೊರಿಬೆ-ಸಾನ್. ನಮ್ಮ ಮನೆ ಹೆಸರಿಂದ."

*

ನಿಶಿವಾಕಿ ಅವಳನ್ನು ಪೀಪಾಯಿಗಳ ಆಚೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು.

"ಇನ್ನೂ ಗೆದ್ದಿಲ್ಲ. ವಾಲಿದ ಮೊಹರು ದಾರಿ ತೋರಿಸುತ್ತೆ ಅಷ್ಟೆ. ಹೊರಿಬೆ-ಸಾನ್ ಈಗ ಹೇಳಿದ್ದನ್ನ ಬರೆದು ಕೊಟ್ರೆ ಕಂಪನಿಯವರ ಎದುರು ಕೂರಬಹುದು. ಆಗಲೂ ಕಂಪನಿಯವರು ಕೇಳ್ತಾರೆ — ಮೊಹರನ್ನ ಹೊರಿಬೆ ಕೈಗೆ ಕೊಟ್ಟವರು ಯಾರು, ನೀವೇ ತಾನೆ ಅಂತ."

"ಏನು ಹೇಳ್ಲಿ?"

"ನಿಜಾನೇ ಹೇಳಿ. ಬ್ಯಾಂಕಿಗೆ ಕೊಟ್ಟಿದ್ದು, ಹೆಸರು ಮಾರೋಕಲ್ಲ. ಹೆಸರು ಮಾರಲ್ಲ ಅಂತ ಕಂಪನಿಯವರಿಗೇ ಮೊದಲು ಹೇಳಿದ್ರಿ, ಗೆಂಪೇ-ಸಾನ್ ಕೇಳಿದಾರೆ. ಆದರೆ ಅದಕ್ಕೆ ಹೊಡೆದಾಡ್ಬೇಕು. ಕಂಪನಿ ಬಂದು ಹೆಸರು ಕೇಳಿದ ದಿನವೇ ನೀವು ನನ್ನ ಹತ್ರ ಬಂದಿದ್ರೆ ಒಂದು ಕಾಗದದಲ್ಲಿ ಮುಗೀತಿತ್ತು."

"ಅವತ್ತು ಹೊರಿಬೆ-ಸಾನ್ ಇದ್ರಲ್ಲ. ವಕೀಲರನ್ನ ಕರೆದ್ರೆ ಅವರನ್ನ ನಂಬಿಲ್ಲ ಅಂದ ಹಾಗಾಗ್ತಿತ್ತು."

ವಕೀಲೆ ಮೇಜಿಗೆ ಮರಳಿ, ಹೊಸ ಹಾಳೆಯ ಮೇಲೆ ಹೊರಿಬೆ ಅವರು ಹೇಳಿದ್ದನ್ನು ಬರೆದರು. ನಿಮಗೂ ಒಬ್ಬ ವಕೀಲರನ್ನು ಕೇಳಿ ಆಮೇಲೆ ಒತ್ತುವ ಹಕ್ಕಿದೆ ಎಂದು ಅವರಿಗೂ ತಿಳಿಸಿದರು. ಹೊರಿಬೆ ಅವರು ಬೇಡವೆಂದು ತಲೆಯಾಡಿಸಿದರು.

ಈ ಹಾಳೆಯಲ್ಲಿ ಎಡಕ್ಕಿದ್ದ ಹೆಸರು ಕುಶಿದಾ ಹಿಸಾನೊ.

ಹೊರಿಬೆ ಅವರು ಡಬ್ಬಿ ತೆರೆದರು. ಮಸಿ ತಟ್ಟಿದರು. ಮೊಹರನ್ನು ಕಾಗದದ ಮೇಲೆ ಹಿಡಿದು, ಎಂದೂ ಇಲ್ಲದಷ್ಟು ಹೊತ್ತು ನಿಂತರು. ಒತ್ತಿದರು. ಎದ್ದು, ಹಿರಿಯರ ಗೂಡಿನ ಕಡೆ ನೋಡದೆ, ಪರದೆಯ ಕೆಳಗೆ ಬಗ್ಗಿ ಹೊರಗೆ ಹೋದರು.

ಹಿಸಾನೊ ಕೆಟಲಿಟ್ಟಳು. ಕಜುಮಾನ ಬಟ್ಟಲನ್ನು ತೊಳೆದು, ಒರೆಸಿ, ಅವನ ಮುಂದಿಟ್ಟು ಚಹಾ ಬಗ್ಗಿಸಿದಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕುಡಿಯಲಿಲ್ಲ. ಅವಳೂ ಕುಡಿ ಎನ್ನಲಿಲ್ಲ.

ಆಮೇಲೆ ಅವಳು ಮೇಜಿನ ಮೇಲಿನ ಹಾಳೆಯನ್ನು ನೋಡಿದಳು. ಹೊರಿಬೆ ಅವರ ಮೊಹರು ಎಡಕ್ಕೆ, ಅವಳ ಹೆಸರಿನ ಕಡೆಗೆ ವಾಲಿತ್ತು. ಹಿಂದಿನ ಎಲ್ಲ ಹಾಳೆಗಳಿಗಿಂತ ಹೆಚ್ಚಾಗಿ, ಹೆಚ್ಚುಕಡಿಮೆ ಮಲಗಿದಂತೆ. ಅದು ಕೈಯ ರೂಢಿಯೋ, ಕ್ಷಮೆಯೋ — ವಕೀಲೆಯೂ ಹೇಳಲಿಲ್ಲ, ಹಿಸಾನೊ ಕೇಳಲೂ ಇಲ್ಲ.